ಶ್ವಾಸಕೋಶದ ಕ್ಯಾನ್ಸರ್ ಎಂದು ಹೇಳಿ ಕಳಿಸುವಾಗ ಮುಂದಿನ ದಾರಿಯನ್ನೂ ಬರೆದು ಕೊಡಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಸನ್ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಶ್ವಾಸಕೋಶ ಕ್ಯಾನ್ಸರ್ ರೋಗಿಗಳಿಗೆ ಚಿಕಿತ್ಸೆಯ ಮಾಹಿತಿಯನ್ನು ಕನ್ನಡದಲ್ಲಿ, ಬರವಣಿಗೆಯಲ್ಲಿ, ರೋಗ ಪತ್ತೆಯಾದ ಆಸ್ಪತ್ರೆಯಲ್ಲೇ ಒದಗಿಸುವಂತೆ ಕೋರಿಕೆ

ಸನ್ಮಾನ್ಯರೇ,

ನಾನು ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನವನು. ನನ್ನ ಚಿಕ್ಕಮ್ಮನಿಗೆ ಶ್ವಾಸಕೋಶದ ಕ್ಯಾನ್ಸರ್ ಇರುವುದು ಕಳೆದ ವರ್ಷ ಗೊತ್ತಾಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದಾಗಲೆಲ್ಲ ಭತ್ತದ ನಾಟಿಗೆ ಹೋಗುತ್ತಿದ್ದ, ಬೀಡಿ ತಂಬಾಕು ಯಾವುದನ್ನೂ ಮುಟ್ಟದ ಹೆಂಗಸು ಆಕೆ. ರೋಗ ಬಂದದ್ದಕ್ಕೆ ನಾನು ಯಾರನ್ನೂ ದೂರುತ್ತಿಲ್ಲ. ನೋಡಿದ ವೈದ್ಯರಲ್ಲಿ ಹೆಚ್ಚಿನವರು ತಮ್ಮ ಕೈಲಾದದ್ದನ್ನು ಮಾಡಿದ್ದಾರೆ. ನನ್ನ ದೂರು ಒಂದೇ: ರೋಗದ ಹೆಸರು ಹೇಳಿದ ಮೇಲೆ ಏನು ಮಾಡಬೇಕು, ಎಲ್ಲಿಗೆ ಹೋಗಬೇಕು, ಯಾವ ಕಾಗದ ಒಯ್ಯಬೇಕು, ಯಾವ ಪರೀಕ್ಷೆ ಕೇಳಬೇಕು, ಯಾವ ಖರ್ಚನ್ನು ಸರ್ಕಾರ ಭರಿಸುತ್ತದೆ ಎಂಬುದನ್ನು ನಮಗೆ ತಿಳಿಯುವ ಭಾಷೆಯಲ್ಲಿ ಹೇಳುವ ಒಬ್ಬ ವ್ಯಕ್ತಿಯಾಗಲಿ, ಒಂದು ಹಾಳೆಯಾಗಲಿ ನಮ್ಮ ಜಿಲ್ಲೆಯಲ್ಲಿ ನಮಗೆ ಸಿಗಲಿಲ್ಲ. ಈ ಕೊರತೆ ನಮ್ಮ ಮನೆಗೆ ಮಾತ್ರ ಸೀಮಿತವಲ್ಲವೆಂಬುದು ಹೋದ ಆಸ್ಪತ್ರೆಗಳ ಸಾಲಿನಲ್ಲಿ ಕುಳಿತ ಕೊಪ್ಪಳದವರು, ಬಳ್ಳಾರಿಯವರು, ಯಾದಗಿರಿಯವರ ಮಾತಿನಿಂದ ತಿಳಿದದ್ದರಿಂದ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲು ಕೆಮ್ಮು ಬಂತು. ಊರಿನಲ್ಲಿ ಇಂಜೆಕ್ಷನ್, ಸಿರಪ್ ಆಯಿತು. ಕಡಿಮೆಯಾಗದಿದ್ದಾಗ ಎಕ್ಸ್‌ರೇ ತೆಗೆಸಿದೆವು. ಎದೆಯಲ್ಲಿ ಕಲೆ ಕಂಡಿತು. ಕಫದ ಪರೀಕ್ಷೆಯಲ್ಲಿ ಕ್ಷಯದ ರೋಗಾಣು ಸಿಗದಿದ್ದರೂ ಕ್ಷಯದ ಗುಳಿಗೆ ಶುರುವಾಯಿತು. ನಮ್ಮ ಭಾಗದಲ್ಲಿ ಕ್ಷಯ ಹೆಚ್ಚು, ಆದ್ದರಿಂದ ವೈದ್ಯರ ಮನಸ್ಸು ಮೊದಲು ಅತ್ತ ಹೋಗುವುದು ಸಹಜ, ಅದನ್ನು ನಾನು ತಪ್ಪೆನ್ನಲಾರೆ. ಆದರೆ ಗುಳಿಗೆ ನುಂಗುತ್ತ ತಿಂಗಳುಗಳು ಕಳೆದರೂ ಕೆಮ್ಮು ನಿಲ್ಲಲಿಲ್ಲ, ತೂಕ ಇಳಿಯುತ್ತ ಹೋಯಿತು, ಮೆಟ್ಟಿಲು ಹತ್ತುವಾಗ ಉಸಿರು ಕಟ್ಟತೊಡಗಿತು. ಆಗಲೂ ‘ಕೋರ್ಸ್ ಮುಗಿಯಲಿ’ ಎಂಬ ಉತ್ತರವೇ ಸಿಕ್ಕಿತು. ಕೊನೆಗೆ ಎದೆಯಲ್ಲಿ ನೀರು ತುಂಬಿತೆಂದು ತೆಗೆದು ಪರೀಕ್ಷೆಗೆ ಕಳಿಸಿದಾಗ, ಸಿ.ಟಿ. ಸ್ಕ್ಯಾನ್ ಮಾಡಿ ಸೂಜಿಯಿಂದ ತುಣುಕು ತೆಗೆದಾಗ, ನಿಜ ಸಂಗತಿ ಹೊರಬಂತು. ಕ್ಷಯ ಮತ್ತು ಶ್ವಾಸಕೋಶದ ಕ್ಯಾನ್ಸರ್ ಎಕ್ಸ್‌ರೇಯಲ್ಲಿ ಒಂದೇ ತೆರನಾಗಿ ಕಾಣಬಹುದು, ಭಾರತದಲ್ಲಿ ಈ ಕಾರಣಕ್ಕೆ ಎಷ್ಟೋ ರೋಗಿಗಳಿಗೆ ಕ್ಯಾನ್ಸರ್ ತಡವಾಗಿ ಪತ್ತೆಯಾಗುತ್ತದೆ ಎಂಬುದು ವೈದ್ಯರಿಗೆ ಹೊಸ ವಿಷಯವೇನಲ್ಲ. ರೋಗಿಯ ಮನೆಯವರಿಗೆ ಮಾತ್ರ ಅದನ್ನು ಯಾರೂ ಹೇಳುವುದಿಲ್ಲ.

ವರದಿ ಇಂಗ್ಲಿಷಿನಲ್ಲಿತ್ತು. ‘ಅಡೆನೋಕಾರ್ಸಿನೋಮ’ ಎಂಬ ಒಂದು ಪದವನ್ನು ಪೆನ್ನಿನಿಂದ ಸುತ್ತು ಹಾಕಿ ತೋರಿಸಿ, ‘ಇದು ಇಲ್ಲಿ ಆಗೋದಿಲ್ಲ, ಬೆಂಗಳೂರಿಗೋ ಹೈದರಾಬಾದಿಗೋ ಕರಕೊಂಡು ಹೋಗ್ರಿ’ ಎಂದರು. ಬೆಂಗಳೂರು ಇಲ್ಲಿಂದ ಸುಮಾರು 400 ಕಿಲೋಮೀಟರ್. ಎರಡೂ ದೊಡ್ಡ ಊರುಗಳು. ಯಾವ ಆಸ್ಪತ್ರೆಗೆ, ಯಾವ ವಿಭಾಗಕ್ಕೆ, ಯಾವ ದಿನ ಎಂಬುದು ಆ ಮಾತಿನಲ್ಲಿ ಇರಲಿಲ್ಲ. ಕಣ್ಣು ಕಟ್ಟಿ ಕಾಡಿನಲ್ಲಿ ಬಿಟ್ಟ ಹಾಗಾಯಿತು. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಇರುವುದನ್ನು ನಾವು ಕೇಳಿದ್ದೆವು. ಆದರೆ ಅದರ ಘಟಕ ಕಲಬುರಗಿಯಲ್ಲೂ ಇದೆ, ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯೊಂದು ಇದೆ, ಹೈದರಾಬಾದಿನಲ್ಲಿ ತೆಲಂಗಾಣ ಸರ್ಕಾರದ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆ ಇದೆ ಎಂಬುದೆಲ್ಲ ನಮಗೆ ತಿಳಿದದ್ದು ಆಸ್ಪತ್ರೆಯಿಂದಲ್ಲ, ಬಸ್ಸಿನಲ್ಲಿ ಪಕ್ಕ ಕುಳಿತವರಿಂದ, ಸಂಬಂಧಿಕರ ಫೋನಿನಿಂದ. ಅದೇ ಫೋನುಗಳಿಂದ ಬೇರೆ ಸಲಹೆಗಳೂ ಬಂದವು: ನಾಟಿ ಔಷಧಿಯ ವಿಳಾಸ, ‘ಸೂಜಿ ಚುಚ್ಚಿದರೆ ರೋಗ ಹರಡುತ್ತೆ’ ಎಂಬ ಹೆದರಿಕೆ, ಕಮಿಷನ್ ಮೇಲೆ ಖಾಸಗಿ ಆಸ್ಪತ್ರೆಗೆ ಸೇರಿಸುವವರ ನಂಬರು. ಸರ್ಕಾರಿ ಮಾತು ಇಲ್ಲದ ಕಡೆ ಇಂಥ ಮಾತುಗಳೇ ದಾರಿ ತೋರಿಸುತ್ತವೆ. ಮನೆಯಲ್ಲಿ ಓದಿದವರು ಇಲ್ಲದಿದ್ದರೆ ಆ ಹೊತ್ತಿನಲ್ಲಿ ಯಾವುದು ನಿಜ, ಯಾವುದು ವ್ಯಾಪಾರ ಎಂದು ತಿಳಿಯುವುದು ಹೇಗೆ?

ಮನೆಯ ಹಿರಿಯರೆಲ್ಲರದ್ದೂ ಒಂದೇ ಪಟ್ಟು: ‘ಆಪರೇಷನ್ ಮಾಡಿ ಗಡ್ಡೆ ತೆಗೆದುಬಿಡಲಿ.’ ಎದೆಯೊಳಗಿನ ನೀರಿನಲ್ಲಿ ಕ್ಯಾನ್ಸರ್ ಕಣ ಸಿಕ್ಕರೆ ಅದನ್ನು ನಾಲ್ಕನೆಯ ಹಂತವೆಂದೇ ಎಣಿಸುತ್ತಾರೆ, ಆ ಹಂತದಲ್ಲಿ ಗಡ್ಡೆಯನ್ನಷ್ಟೇ ಕತ್ತರಿಸಿ ತೆಗೆದರೆ ಪ್ರಯೋಜನವಿಲ್ಲ, ಔಷಧಿಯೇ ಮುಖ್ಯ ಚಿಕಿತ್ಸೆ ಎಂದು ಐದು ನಿಮಿಷ ಕೂರಿಸಿ ಹೇಳಿದ್ದರೆ ಮನೆಯೊಳಗಿನ ಎಷ್ಟೋ ಜಗಳ, ಎಷ್ಟೋ ಅಲೆದಾಟ ತಪ್ಪುತ್ತಿತ್ತು. ಹಾಗೆಯೇ ಮೊದಲ ಎರಡು ಹಂತಗಳಲ್ಲಿ ಪತ್ತೆಯಾದ ರೋಗಿಗೆ ಶಸ್ತ್ರಚಿಕಿತ್ಸೆ ಗುಣಪಡಿಸುವ ದಾರಿಯಾಗಬಹುದು. ಅಂಥವರ ಮನೆಯವರು ಭಯಕ್ಕೆ ಬಿದ್ದು ಬೇಡವೆಂದು ಎದ್ದು ಹೋಗಬಾರದು. ಎರಡು ಕಡೆಯೂ ಬೇಕಾದದ್ದು ಒಂದೇ, ಹಂತ ಯಾವುದು ಮತ್ತು ಆ ಹಂತಕ್ಕೆ ಏನು ಚಿಕಿತ್ಸೆ ಎಂಬ ಸ್ಪಷ್ಟ ಮಾತು.

ನಾನು ಹೆಚ್ಚು ಒತ್ತಿ ಹೇಳಬೇಕಾದ ಸಂಗತಿ ಈಗ ಬರುತ್ತದೆ. ಬಹುಕಾಲ ಓಡಾಡಿದ ಮೇಲೆ ಒಂದು ದೊಡ್ಡ ಆಸ್ಪತ್ರೆ ತಲುಪಿದಾಗ ಅಲ್ಲಿನ ವೈದ್ಯರು ಮೊದಲು ಕೇಳಿದ್ದು, ‘ಬ್ಲಾಕ್ ತಂದಿದ್ದೀರಾ?’ ಎಂದು. ಸೂಜಿಯಿಂದ ತೆಗೆದ ತುಣುಕನ್ನು ಮೇಣದಲ್ಲಿ ಕೂರಿಸಿ ಪ್ರಯೋಗಾಲಯದಲ್ಲಿ ಇಟ್ಟಿರುತ್ತಾರೆ, ಅದೇ ಬ್ಲಾಕ್; ಅದರಿಂದ ತೆಳ್ಳಗೆ ಕೊಯ್ದು ಗಾಜಿನ ಮೇಲಿಟ್ಟದ್ದು ಸ್ಲೈಡ್. ನಾವು ಒಯ್ದದ್ದು ಬರೀ ವರದಿಯ ಕಾಗದ. ಅದನ್ನು ತರಲು ಮತ್ತೆ ಊರಿಗೆ ಬರಬೇಕಾಯಿತು, ಕೊಡಿ ಎಂದು ಅರ್ಜಿ ಬರೆದು ಕಾಯಬೇಕಾಯಿತು. ಆ ಮೇಣದ ತುಣುಕಿಗೆ ಅಷ್ಟು ಬೆಲೆ ಯಾಕೆಂದು ಆ ವೈದ್ಯರೇ ವಿವರಿಸಿದರು. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಸುಮಾರು ಶೇ 85ರಷ್ಟು ‘ನಾನ್ ಸ್ಮಾಲ್ ಸೆಲ್’ ಎಂಬ ಬಗೆಯದು, ಅದರೊಳಗಿನ ಒಂದು ಜಾತಿ ಅಡೆನೋಕಾರ್ಸಿನೋಮ. ಬೀಡಿ ಸಿಗರೇಟು ಸೇದದವರಲ್ಲಿ ಹೆಚ್ಚಾಗಿ ಕಾಣುವುದು ಅದೇ. ಈ ಜಾತಿಯ ಕ್ಯಾನ್ಸರ್ ಇರುವ ಭಾರತೀಯರಲ್ಲಿ ಸರಿಸುಮಾರು ನಾಲ್ವರಿಗೆ ಒಬ್ಬರಲ್ಲಿ ಇಜಿಎಫ್‌ಆರ್ ಎಂಬ ಜೀನಿನ ಬದಲಾವಣೆ ಇರುತ್ತದೆ. ಅದು ಇದ್ದವರಿಗೆ ಬಾಯಿಂದ ನುಂಗುವ ಗುಳಿಗೆ ಕಿಮೊಥೆರಪಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದು 2009ರಿಂದಲೂ ವೈದ್ಯಲೋಕಕ್ಕೆ ಗೊತ್ತು. ಎಎಲ್‌ಕೆ, ಆರ್‌ಒಎಸ್1 ಎಂಬ ಬದಲಾವಣೆಗಳಿಗೂ ಬೇರೆ ಬೇರೆ ಗುಳಿಗೆಗಳಿವೆ. ಪಿಡಿ-ಎಲ್1 ಎಂಬ ಪರೀಕ್ಷೆಯಿಂದ, ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ವಿರುದ್ಧ ಎಬ್ಬಿಸುವ ಇಮ್ಯುನೊಥೆರಪಿ ಉಪಯೋಗವಾದೀತೇ ಎಂದು ಅಂದಾಜು ಸಿಗುತ್ತದೆ. ಇವೆಲ್ಲ ಆ ಬ್ಲಾಕಿನಿಂದಲೇ ಆಗುವ ಪರೀಕ್ಷೆಗಳು.

ನನ್ನ ಚಿಕ್ಕಮ್ಮನ ವರದಿಯಲ್ಲಿ ಇಜಿಎಫ್‌ಆರ್ ಬದಲಾವಣೆ ಇತ್ತು. ದಿನಕ್ಕೊಂದು ಗುಳಿಗೆ ಶುರುವಾದ ಕೆಲವೇ ವಾರಗಳಲ್ಲಿ ಉಸಿರಾಟ ಹಗುರಾಯಿತು, ಊಟ ಸೇರತೊಡಗಿತು, ಈಗ ಆಕೆ ತಾನೇ ನೀರು ಕಾಯಿಸಿಕೊಂಡು ಸ್ನಾನ ಮಾಡುತ್ತಾಳೆ. ಈ ಗುಳಿಗೆ ರೋಗವನ್ನು ಪೂರ್ತಿ ಗುಣ ಮಾಡುವುದಿಲ್ಲ, ಒಂದು ದಿನ ಕೆಲಸ ಮಾಡುವುದನ್ನು ನಿಲ್ಲಿಸಬಹುದು ಎಂದು ವೈದ್ಯರು ಮುಚ್ಚಿಡದೆ ಹೇಳಿದ್ದಾರೆ. ಆದರೂ ಹಾಸಿಗೆ ಹಿಡಿದಿದ್ದ ಜೀವಕ್ಕೆ ಇದು ಸಣ್ಣ ಲಾಭವಲ್ಲ. ರೋಗದ ಹೆಸರು ಹೇಳಿದ ದಿನವೇ ‘ಬ್ಲಾಕ್ ಮತ್ತು ಸ್ಲೈಡ್ ಪಡೆದುಕೊಳ್ಳಿ, ಜೀನ್ ಪರೀಕ್ಷೆಯ ಬಗ್ಗೆ ಕೇಳಿ’ ಎಂದು ಎರಡು ಸಾಲು ಬರೆದು ಕೊಟ್ಟಿದ್ದರೆ ಆಕೆ ಆ ಗುಳಿಗೆಯನ್ನು ಎಷ್ಟೋ ಮೊದಲೇ ನುಂಗುತ್ತಿದ್ದಳು. ಜಿಲ್ಲೆಯಿಂದ ಹೊರಡಲೇ ಆಗದವರು, ಹೊರಟರೂ ಬ್ಲಾಕ್ ತರಲು ಎರಡನೆಯ ಸಲ ಬಸ್ ಚಾರ್ಜು ಹೊಂದಿಸಲಾಗದವರು ಎಷ್ಟು ಜನರಿರಬಹುದೆಂದು ಯೋಚಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹಣದ ವಿಷಯದಲ್ಲೂ ಹೀಗೆಯೇ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ರಾಜ್ಯದಲ್ಲಿ ಮೊದಲು ಆರಂಭವಾದದ್ದು ನಮ್ಮ ಕಲಬುರಗಿ ವಿಭಾಗದಿಂದಲೇ ಎಂಬುದನ್ನು ತಾವು ಬಲ್ಲಿರಿ. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ, ಅಂದರೆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರದ, ಶೇ 30ರಷ್ಟು. ಒಳ್ಳೆಯ ಯೋಜನೆ. ಆದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಯಾವಾಗ ಬೇಕು, ಚಿಕಿತ್ಸೆ ಶುರುವಾಗುವ ಮೊದಲೇ ಅನುಮೋದನೆ ಪಡೆಯಬೇಕೇ, ಯಾವ ಪರೀಕ್ಷೆ ಪ್ಯಾಕೇಜಿನೊಳಗೆ, ಯಾವುದು ಹೊರಗೆ, ನೋಂದಾಯಿತ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ನೋಡುವವು ಯಾವುವು ಎಂದು ಕೇಳಿದರೆ ಒಂದು ಕೌಂಟರಿನವರು ಇನ್ನೊಂದು ಕೌಂಟರಿಗೆ ಬೆರಳು ತೋರಿಸುತ್ತಾರೆ. ಯೋಜನೆಯ ನೆರವಿಗೆಂದು ಆಸ್ಪತ್ರೆಗಳಲ್ಲಿ ಕೂರಿಸಿದ ಆರೋಗ್ಯಮಿತ್ರರು ಇದ್ದಾರೆ ನಿಜ; ಅವರು ಇರುವುದು ಯೋಜನೆಯ ಕಾಗದಕ್ಕೆ, ರೋಗಿಯ ದಾರಿಗಲ್ಲ.

ಔಷಧಿಯ ಬೆಲೆ ಇಳಿಸಲು ಸರ್ಕಾರಗಳು ಕೆಲವು ಕ್ರಮ ಕೈಗೊಂಡಿವೆ. ಇಜಿಎಫ್‌ಆರ್ ಬದಲಾವಣೆ ಇದ್ದವರಿಗೆ ಕೊಡುವ ಗೆಫಿಟಿನಿಬ್ ಗುಳಿಗೆ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. 2019ರಲ್ಲಿ 42 ಕ್ಯಾನ್ಸರ್ ಔಷಧಿಗಳ ಮಾರಾಟದ ಲಾಭಾಂಶಕ್ಕೆ ಶೇ 30ರ ಮಿತಿ ಬಂತು. 2024ರ ಜುಲೈ ಬಜೆಟ್ಟಿನಲ್ಲಿ ಒಸಿಮರ್ಟಿನಿಬ್, ಡುರ್ವಾಲುಮಾಬ್ ಸೇರಿ ಮೂರು ಕ್ಯಾನ್ಸರ್ ಔಷಧಿಗಳ ಆಮದು ಸುಂಕ ತೆಗೆದರು. ಆ ಮೂರರಲ್ಲಿ ಈ ಎರಡು ಶ್ವಾಸಕೋಶದ ಕ್ಯಾನ್ಸರಿಗೆ ಕೊಡುವಂಥವು. ಒಂದೇ ಔಷಧಿ ಬೇರೆ ಬೇರೆ ಕಂಪನಿಯ ಹೆಸರಿನಲ್ಲಿ ಬಹಳ ವ್ಯತ್ಯಾಸದ ಬೆಲೆಗೆ ಸಿಗುತ್ತದೆ. ಚೀಟಿಯಲ್ಲಿ ಬರೆದ ಹೆಸರಿನದೇ ಬೇಕೆಂದು ಬಡವರು ಒಡವೆ ಅಡವಿಡುವುದನ್ನು ನೋಡಿದ್ದೇನೆ. ಔಷಧಿಯ ಮೂಲ ಹೆಸರನ್ನೂ ಅಗ್ಗದಲ್ಲಿ ಸಿಗುವ ಸರ್ಕಾರಿ ಮಳಿಗೆಯನ್ನೂ ಆ ಚೀಟಿಯ ಕೆಳಗೆ ಬರೆದರೆ ಯಾರಿಗೂ ನಷ್ಟವಿಲ್ಲ. ಇನ್ನು ರೈಲು ಪ್ರಯಾಣ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಶೇ 75 ರಿಯಾಯಿತಿ ಇದೆ. ಆಸ್ಪತ್ರೆಯವರು ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ಕೊಟ್ಟರೆ ಸಾಕು. ನಮಗೆ ಇದನ್ನು ಹೇಳಿದವರು ವಾರ್ಡಿನಲ್ಲಿದ್ದ ಇನ್ನೊಬ್ಬ ರೋಗಿಯ ಮಗ.

ಕ್ಷಯಕ್ಕೆ ನಮ್ಮ ದೇಶ ಏನು ಮಾಡಿದೆ ನೋಡಿ ಎಂದು ನಾನು ಕೇಳಿಕೊಳ್ಳುವುದು ಇದಕ್ಕಾಗಿಯೇ. ಕಫದ ಪರೀಕ್ಷೆ ಉಚಿತ, ಗುಳಿಗೆ ಉಚಿತ, ಪೌಷ್ಟಿಕ ಆಹಾರಕ್ಕೆಂದು ರೋಗಿಯ ಖಾತೆಗೆ ಹಣ ಬರುತ್ತದೆ, 2024ರ ನವೆಂಬರಿನಿಂದ ಅದು ತಿಂಗಳಿಗೆ 1000 ರೂಪಾಯಿ. ಆಶಾ ಕಾರ್ಯಕರ್ತೆ ಮನೆಗೆ ಬಂದು ಗುಳಿಗೆ ನುಂಗಿದಿರಾ ಎಂದು ವಿಚಾರಿಸುತ್ತಾಳೆ, ಪ್ರತಿ ರೋಗಿಯ ಹೆಸರೂ ‘ನಿಕ್ಷಯ’ ಎಂಬ ಸರ್ಕಾರಿ ಆನ್‌ಲೈನ್ ವ್ಯವಸ್ಥೆಯಲ್ಲಿ ದಾಖಲಾಗುತ್ತದೆ. ಕ್ಷಯದ ರೋಗಿಯೆಂದು ಪರಿಗಣಿಸಿದ ಕಾಲದಲ್ಲಿ ನನ್ನ ಚಿಕ್ಕಮ್ಮನನ್ನು ವಿಚಾರಿಸುವವರಿದ್ದರು. ಕ್ಯಾನ್ಸರ್ ಎಂದು ಗೊತ್ತಾದ ದಿನದಿಂದ ಯಾರೂ ಬರಲಿಲ್ಲ. ಕ್ಷಯದಲ್ಲಿ ಸಾಧ್ಯವಾದದ್ದು ಕ್ಯಾನ್ಸರಿನಲ್ಲಿ ಅಸಾಧ್ಯವೆಂದು ನಾನು ಒಪ್ಪಲಾರೆ.

ರೋಗಿಗೇ ವಿಷಯ ಹೇಳದಿರುವ ಪದ್ಧತಿಯ ಬಗ್ಗೆಯೂ ಒಂದು ಮಾತು. ನಮ್ಮ ಕಡೆ ವೈದ್ಯರು ಗಂಡಸರನ್ನು ಹೊರಗೆ ಕರೆದು ಹೇಳುತ್ತಾರೆ, ಮನೆಯವರು ರೋಗಿಯಿಂದ ಮುಚ್ಚಿಡುತ್ತಾರೆ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಆದರೆ ಒಂದು ಸಂಜೆ ಚಿಕ್ಕಮ್ಮ ನನ್ನನ್ನು ಕೂರಿಸಿಕೊಂಡು, ‘ನನಗ ಏನಾಗೈತಿ ಅಂತ ನನಗ್ಯಾಕ ಹೇಳವಲ್ರಿ ತಮ್ಮಾ? ಗುಳಿಗಿ ನುಂಗಾಕಿ ನಾನು ಅಲ್ಲೇನು?’ ಎಂದು ಕೇಳಿದಳು. ಹೇಳಿದ ಮೇಲೆ ಆಕೆ ಅತ್ತಳು; ಮರುದಿನದಿಂದ ಗುಳಿಗೆಯ ಹೊತ್ತು ತಾನೇ ನೆನಪಿಟ್ಟುಕೊಂಡಳು. ಕೇಂದ್ರ ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಕಳಿಸಿರುವ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ತನ್ನ ರೋಗದ ಮಾಹಿತಿ ಪಡೆಯುವುದು ಮೊದಲ ಹಕ್ಕುಗಳಲ್ಲಿ ಒಂದು. ರೋಗಿ ಕೇಳಿದರೆ ವೈದ್ಯಕೀಯ ದಾಖಲೆಗಳನ್ನು 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ವೃತ್ತಿ ನಡತೆಯ 2002ರ ನಿಯಮಗಳಲ್ಲೇ ಇದೆ. ಓದಲು ಬಾರದ ಹೆಂಗಸಿಗೂ ಈ ಹಕ್ಕು ಅಷ್ಟೇ ಸಲ್ಲುತ್ತದೆ. ಆಕೆಗೆ ಓದಿ ಹೇಳುವ ಒಂದು ದನಿ ಬೇಕು.

ಈಗ ನನ್ನ ಕೋರಿಕೆಗಳು. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಬಳ್ಳಾರಿಯದಂತೂ 1961ರದು. ಈ ಮೂರರಲ್ಲೂ ಕ್ಯಾನ್ಸರ್ ಮಾಹಿತಿಗೆಂದೇ ಒಂದು ಕೊಠಡಿ, ಅದರಲ್ಲಿ ತರಬೇತಿ ಪಡೆದ ಒಬ್ಬ ನರ್ಸ್ ಅಥವಾ ಆಪ್ತಸಮಾಲೋಚಕರನ್ನು ನೇಮಿಸಿ. ಬಯಾಪ್ಸಿ ವರದಿಯಲ್ಲಿ ಕ್ಯಾನ್ಸರ್ ಎಂದು ಬಂದ ಪ್ರತಿಯೊಬ್ಬರೂ ಮನೆಗೆ ಹೋಗುವ ಮೊದಲು ಅಲ್ಲಿಗೆ ಹೋಗುವಂತಾಗಲಿ. ಅಲ್ಲಿ ಅವರ ಕೈಗೆ ಕನ್ನಡದ ಹಾಳೆಯೊಂದನ್ನು ಕೊಡಲಿ: ರೋಗದ ಬಗೆ, ಗೊತ್ತಿದ್ದರೆ ಹಂತ, ಇನ್ನು ಆಗಬೇಕಾದ ಪರೀಕ್ಷೆಗಳು, ಒಯ್ಯಬೇಕಾದ ದಾಖಲೆಗಳು, ಬ್ಲಾಕ್ ಮತ್ತು ಸ್ಲೈಡ್ ಎಲ್ಲಿ ಸಿಗುತ್ತವೆ, ಹತ್ತಿರದ ಸರ್ಕಾರಿ ಕ್ಯಾನ್ಸರ್ ಕೇಂದ್ರಗಳು, ಅಲ್ಲಿನ ಹೊರರೋಗಿ ವಿಭಾಗದ ದಿನಗಳು, ಯೋಜನೆಯ ನಿಯಮ, ರೈಲಿನ ನಮೂನೆ. ರಾಯಚೂರು ಬಳ್ಳಾರಿಗಳಲ್ಲಿ ತೆಲುಗು, ಉರ್ದು ಮನೆಮಾತಿನವರು ಬಹಳ ಇರುವುದರಿಂದ ಆ ಭಾಷೆಗಳಲ್ಲೂ ಅದು ಸಿಗಲಿ. ಓದಲು ಬಾರದವರಿಗೆ ಓದಿ ಹೇಳಲಿ, ರೋಗಿಗೂ ಕೇಳಿಸುವಂತೆ ಹೇಳಲಿ.

ಕಫದಲ್ಲಿ ಕ್ಷಯದ ರೋಗಾಣು ಸಿಗದೆ, ಎಕ್ಸ್‌ರೇ ಆಧಾರದ ಮೇಲೆ ಮಾತ್ರ ಗುಳಿಗೆ ಆರಂಭಿಸಿದವರಲ್ಲಿ ಎರಡು ತಿಂಗಳಾದರೂ ಸುಧಾರಣೆ ಕಾಣದಿದ್ದರೆ ಸಿ.ಟಿ. ಸ್ಕ್ಯಾನ್‌ಗೆ ಕಳಿಸುವುದನ್ನು ಕಡ್ಡಾಯ ಮಾಡಿ ಸುತ್ತೋಲೆ ಹೊರಡಿಸಿ. ಸರ್ಕಾರದ ತಪಾಸಣಾ ಕಾರ್ಯಕ್ರಮ ಈಗ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರಿಗೆ ಇದೆ, ಶ್ವಾಸಕೋಶಕ್ಕಿಲ್ಲ. ಆದ್ದರಿಂದ ಕ್ಷಯ ಕೇಂದ್ರಕ್ಕೆ ಬರುವ ಕೆಮ್ಮಿನ ರೋಗಿಯೇ ನಮಗಿರುವ ಅವಕಾಶ. ಅದರ ಜೊತೆಗೆ ರೋಗಿಯ ಕೆಲಸದ ವಿವರವನ್ನೂ ದಾಖಲಿಸಿ. ನಮ್ಮದು ಸಂಡೂರಿನ ಗಣಿ, ಹಟ್ಟಿಯ ಚಿನ್ನದ ಗಣಿ, ಗಿಣಿಗೇರಿಯ ಕಾರ್ಖಾನೆ, ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಬೂದಿ ಇರುವ ಸೀಮೆ. ಕಲ್ಲುಪುಡಿಯ ಸಿಲಿಕಾ ದೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 1997ರಲ್ಲೇ ವರ್ಗೀಕರಿಸಿದೆ, ಕಟ್ಟಿಗೆ ಒಲೆಯ ಹೊಗೆ ಬಹುಶಃ ಕಾರಣವೆಂದೂ ಹೇಳಿದೆ. ‘ಬೀಡಿ ಸೇದ್ತೀರಾ’ ಎಂಬ ಒಂದೇ ಪ್ರಶ್ನೆಗೆ ‘ಇಲ್ಲ’ ಎಂದವರ ವಿಷಯದಲ್ಲಿ ಕ್ಯಾನ್ಸರಿನ ಅನುಮಾನವನ್ನೇ ಬಿಟ್ಟುಬಿಡುವುದು ಇನ್ನಾದರೂ ನಿಲ್ಲಬೇಕು.

ಇಜಿಎಫ್‌ಆರ್, ಎಎಲ್‌ಕೆ ಪರೀಕ್ಷೆಗಳ ಖರ್ಚನ್ನು ಯೋಜನೆಯೊಳಗೆ ಸ್ಪಷ್ಟವಾಗಿ ಸೇರಿಸಿ, ರೋಗಿ ಅಲೆಯುವ ಬದಲು ಬ್ಲಾಕೇ ಜಿಲ್ಲೆಯಿಂದ ಪ್ರಯೋಗಾಲಯಕ್ಕೆ ಹೋಗುವ ವ್ಯವಸ್ಥೆ ಮಾಡಿ. ಜಿಲ್ಲಾ ಆಸ್ಪತ್ರೆಗಳಲ್ಲಿ, ಚಿಕಿತ್ಸೆ ಪಡೆದು ಅದೇ ದಿನ ಮನೆಗೆ ಮರಳಬಹುದಾದ ಡೇ ಕೇರ್ ಕ್ಯಾನ್ಸರ್ ಕೇಂದ್ರಗಳನ್ನು ಮೂರು ವರ್ಷದಲ್ಲಿ ತೆರೆಯುವುದಾಗಿ ಕೇಂದ್ರದ 2025-26ರ ಬಜೆಟ್ ಹೇಳಿದೆ, ರಾಜ್ಯವೂ ಆ ದಿಕ್ಕಿನಲ್ಲಿ ಹೆಜ್ಜೆ ಇಟ್ಟಿದೆ. ಆ ಕೇಂದ್ರಗಳಲ್ಲಿ ಔಷಧಿ ಏರಿಸುವುದರ ಜೊತೆಗೆ ಪ್ರಶ್ನೆಗೆ ಉತ್ತರ ಹೇಳುವ ಕೆಲಸವೂ ಆಗಲಿ. ಗುಳಿಗೆ ಶುರುವಾದ ಮೇಲೆ ಚಿಕ್ಕಮ್ಮನ ಮುಖದ ಮೇಲೆಲ್ಲ ಗುಳ್ಳೆ ಎದ್ದವು, ಭೇದಿ ಹತ್ತಿತು. ಅದು ಈ ಗುಳಿಗೆಯಿಂದ ಸಾಮಾನ್ಯವಾಗಿ ಆಗುವಂಥದ್ದೇ, ಮದ್ದಿದೆ ಎಂದು ಹೇಳುವವರು 400 ಕಿಲೋಮೀಟರ್ ದೂರದಲ್ಲಿದ್ದರು. ಹಾಗೆಯೇ ನೋವು ಹೆಚ್ಚಾದವರಿಗೆ ಮಾರ್ಫಿನ್ ಗುಳಿಗೆ, ಉಸಿರಾಟದ ಸಂಕಟಕ್ಕೆ ಆರೈಕೆ ಜಿಲ್ಲೆಯಲ್ಲೇ ಸಿಗಬೇಕು. ಮಾರ್ಫಿನ್ ಸುಲಭವಾಗಿ ದೊರೆಯಲೆಂದೇ 2014ರಲ್ಲಿ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿ ಆಗಿದೆ.

ಹಣದ ಮೂಲದ ಬಗ್ಗೆ ತಮ್ಮ ಅಧಿಕಾರಿಗಳು ಕೇಳಬಹುದು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯೇ ಇದೆ. ಕಟ್ಟಡಕ್ಕೆ ಬೇಕಾಗುವ ಹಣದ ಒಂದು ಅಂಶದಲ್ಲಿ ಮೂರು ಕೊಠಡಿ, ಮೂವರು ಸಿಬ್ಬಂದಿ, ಅಚ್ಚು ಹಾಕಿಸಿದ ಹಾಳೆಗಳು ಬರುತ್ತವೆ. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಿಂದ ನಮ್ಮವರು ಧರಣಿ ಕೂತು ಸಾವಿರ ದಿನ ದಾಟಿಸಿದ್ದಾರೆ. ಆ ಬೇಡಿಕೆಗೆ ನನ್ನದೂ ಬೆಂಬಲವಿದೆ. ಆದರೆ ಈ ಪತ್ರದಲ್ಲಿ ಕೇಳಿರುವುದಕ್ಕೆ ದೆಹಲಿಯ ಒಪ್ಪಿಗೆ ಬೇಕಿಲ್ಲ, ತಮ್ಮ ಒಂದು ಆದೇಶ ಸಾಕು.

ಈ ಕೋರಿಕೆಗಳಲ್ಲಿ ಯಾವುದನ್ನು ಯಾವ ಕಾಲದೊಳಗೆ ಜಾರಿಗೆ ತರುತ್ತೀರಿ, ಯಾವುದು ಸಾಧ್ಯವಿಲ್ಲ ಮತ್ತು ಯಾಕೆ ಎಂಬ ಉತ್ತರವನ್ನು ಇಲಾಖೆಯಿಂದ ಬರವಣಿಗೆಯಲ್ಲಿ ಕೊಡಿಸಬೇಕೆಂದು, ಆ ಉತ್ತರವನ್ನು ಮೂರೂ ಜಿಲ್ಲೆಗಳ ಆಸ್ಪತ್ರೆಗಳ ಸೂಚನಾ ಫಲಕದಲ್ಲಿ ಹಾಕಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ರೋಗಿಯ ಅಕ್ಕನ ಮಗ
ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ